ಅವನು ಓದದೆ ಬಿಟ್ಟ ಮಾತು

ಪರದೆಯ ಮೇಲೆ ಮೌಸ್‌ನ ಬಾಣ ತಾನಾಗಿಯೇ ಓಡಾಡುತ್ತಿತ್ತು.

ಯಮುನಾಳ ಆಫೀಸ್ ಲ್ಯಾಪ್‌ಟಾಪನ್ನು ಸರಿಮಾಡಲು ಐಟಿ ವಿಭಾಗದ ಸುಗತ ಕೆಳಮಹಡಿಯ ತನ್ನ ಕುರ್ಚಿಯಿಂದಲೇ ಅದನ್ನು ನಡೆಸುತ್ತಿದ್ದ. ಅವಳು ಒಪ್ಪಿಗೆಯ ಬಟನ್ ಒತ್ತಿದ ಮೇಲಷ್ಟೇ ಒಳಗೆ ಬರುವ ಹುಡುಗ ಅವನು.

ಆದರೆ ಈ ಮಹಾತಾಯಿ ಅದರಲ್ಲೇ ತನ್ನ ವಾಟ್ಸಾಪ್ ತೆರೆದಿಟ್ಟು ಮರೆತಿದ್ದಳು! ಬಾಣ ಏನನ್ನೋ ಸರಿಸಿತು ನೋಡಿ... ಗೆಳತಿ ಪ್ರಿಯಾಗೆ ಬರೆದ ಸಾಲುಗಳು ಪರದೆ ತುಂಬ ಹರಡಿಕೊಂಡವು. ಎಲ್ಲವೂ ಸುಗತನ ಬಗ್ಗೆಯೇ.

ಮರುಕ್ಷಣವೇ ಸಂಪರ್ಕ ಕಡಿಯಿತು. ಫೋನ್ ಬಂತು.

"ಯಮುನಾ ಅವ್ರೇ, ವಾಟ್ಸಾಪ್ ಲಾಗೌಟ್ ಮಾಡ್ಬಿಡಿ. ಈ ಲ್ಯಾಪ್‌ಟಾಪ್ ಆಗಾಗ ಸ್ಕ್ರೀನ್ ಫೋಟೋ ತೆಗೆದಿಡುತ್ತೆ. ಸ್ವಂತ ಮಾತು ಸ್ವಂತ ಫೋನಲ್ಲೇ ಇರ್ಲಿ."

ಅಷ್ಟೇ ಹೇಳಿ ಇಟ್ಟುಬಿಟ್ಟ.

ಮರುದಿನದಿಂದ ಅವಳ ಲ್ಯಾಪ್‌ಟಾಪ್ ಕೆಟ್ಟರೆ ಅದೇ ಐಟಿ ವಿಭಾಗದ ನಾಜಿಶ್ ಬರತೊಡಗಿದಳು. ಯಮುನಾಳ ಕೆಲಸ ತನಗೆ ಬೇಡವೆಂದು ಸುಗತನೇ ಮ್ಯಾನೇಜರಿಗೆ ಹೇಳಿದ್ದಾನಂತೆ.

ಯಮುನಾಗೆ ಅನ್ನಿಸಿದ್ದು ಒಂದೇ: ಓದಿದ್ದಾನೆ... ಓದಿಯೇ ನನ್ನನ್ನು ಬೇಡವೆಂದಿದ್ದಾನೆ!

ಕ್ಯಾಂಟೀನಿನಲ್ಲಿ ಅವನನ್ನು ಕಂಡರೆ ತಟ್ಟೆ ಬಿಟ್ಟು ಎದ್ದುಹೋಗುವಷ್ಟು ನಾಚಿಕೆ. ರಾಮಮೂರ್ತಿ ನಗರದ ಮನೆಯಲ್ಲಿ ಅಮ್ಮ ಯಾಕೆ ಸಪ್ಪಗಿದ್ದೀಯ ಎಂದರೆ ತಲೆನೋವೆಂಬ ಸುಳ್ಳು. ಕೊನೆಗೆ ಕೆಲಸವನ್ನೇ ಬಿಡುತ್ತೇನೆಂದು ಹೊರಟಳು. ಪ್ರಿಯಾ ಸರಿಯಾಗಿ ಬೈದಳು: ಬಿಡುವುದಾದರೆ ಬಿಡು, ಅವನನ್ನು ಒಂದು ಮಾತು ಕೇಳಿ ಬಿಡು.

ಕೇಳಿದಳು. ಸಿ.ವಿ. ರಾಮನ್ ನಗರದ ಆಫೀಸ್ ಗೇಟಿನಾಚೆ, ಟೀ ಅಂಗಡಿಯ ಮುಂದೆ.

"ನನ್ನ ಚಾಟ್ ಓದಿದ್ರಾ?"

"ನನ್ನ ಹೆಸರು ಕಾಣಿಸ್ತು, ತಕ್ಷಣ ಕಟ್ ಮಾಡ್ದೆ. ಹೊಗಳಿದ್ರೋ ಬೈದಿದ್ರೋ ಗೊತ್ತಿಲ್ಲ ರೀ."

"ಮತ್ತೆ ನನ್ನ ಕೆಲಸ ಬೇಡ ಅಂದಿದ್ದು?"

ಸುಗತ ಟೀ ಗ್ಲಾಸನ್ನು ಕೆಳಗಿಟ್ಟ. "ಆ ಸ್ಕ್ರೀನ್ ಫೋಟೋಗಳನ್ನ ನಾನು ಯಾವಾಗ ಬೇಕಾದ್ರೂ ತೆಗೆದು ನೋಡ್ಬಹುದಿತ್ತು. ಒಂದ್ಸಲ ಕೈ ಅಲ್ಲಿಗೆ ಹೋಗಿತ್ತು ಕೂಡ... ನಂಗೆ ನಿಮ್ಮ ಮೇಲೆ ಮನಸ್ಸಾಗಿದೆ, ಯಮುನಾ. ಮನಸ್ಸಿರೋನ ಕೈಲಿ ಆ ಅಧಿಕಾರ ಇರಬಾರ್ದು ಅನ್ನಿಸ್ತು. ನಾನೇ ಹೇಳಿ ತೆಗೆಸಿಬಿಟ್ಟೆ."

ಅಯ್ಯೋ ಪೆದ್ದಿ, ಎಂದು ಯಮುನಾ ತನ್ನನ್ನೇ ಬೈದುಕೊಂಡಳು. ತನ್ನ ಗುಟ್ಟಿಗೆ ಕಾವಲಿದ್ದವನಿಂದಲೇ ಇಷ್ಟು ದಿನ ಮುಖ ತಪ್ಪಿಸಿ ಓಡಾಡಿದ್ದಳಲ್ಲ! ಕಣ್ಣು ತುಂಬಿ ಬಂತು. ತನ್ನ ಫೋನಿನಲ್ಲಿ ಪ್ರಿಯಾಳ ಚಾಟ್ ತೆರೆದು ಅವನ ಮುಂದೆ ಹಿಡಿದಳು.

"ಈಗ ನಾನೇ ಕೊಡ್ತಿದ್ದೀನಿ. ಓದಿ."

ಅವನು ಫೋನನ್ನು ಮೆಲ್ಲಗೆ ಮಗುಚಿ ಅವಳ ಅಂಗೈಯಲ್ಲೇ ಇಟ್ಟ.

"ಇದ್ರಲ್ಲಿ ಪ್ರಿಯಾ ಅವ್ರ ಮಾತೂ ಇದ್ಯಲ್ಲ. ಅವ್ರನ್ನ ಯಾರು ಕೇಳಿದ್ರು? ನಿಮ್ದನ್ನ ನೀವೇ ಹೇಳಿ."

ಯಮುನಾ ಅಳುತ್ತಲೇ ನಕ್ಕುಬಿಟ್ಟಳು.

"ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ..."

"ಈ ಮಾತನ್ನ ನಾನು ಇಟ್ಕೊಳ್ಲಾ?" ಎಂದ ಅವನು.

"ಇಟ್ಕೋ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಟೀ ಆರೋಯ್ತು ನೋಡು. ಇನ್ನೆರಡು ಹೇಳು."