ಕತ್ತು ವಾಲಿಸಿ ನೋಡಿದ ಪಾರವ್ವ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಹೊಂಬಿಸಿಲೂರೆಂಬ ರಾಜ್ಯವಿತ್ತು. ಅದರ ರಾಜನ ಮೀಸೆ ದೊಡ್ಡದು, ಧೈರ್ಯ ಸಣ್ಣದು. ಮಬ್ಬರಾಯನೆಂಬ ಮಾಂತ್ರಿಕ ವರ್ಷಕ್ಕೊಮ್ಮೆ ಅರಮನೆಯ ಅಂಗಳಕ್ಕೆ ಬಂದು, ಕಣ್ಣು ಮಂದವಾದ ಒಂದು ಮಗುವಿಗೆ ಮೂರು ಪರೀಕ್ಷೆ ಒಡ್ಡುತ್ತಿದ್ದ. ಸೋತ ಮಗು ಕಲ್ಲುಗೊಂಬೆಯಾಗಿ ಅವನ ಗುಹೆ ಸೇರುತ್ತಿತ್ತು. ಒಂದು ಮಗು ಗೆದ್ದರೂ ಅವನ ಮಾಯೆ ಮುಗಿಯಬೇಕು. ಇದುವರೆಗೆ ಗೆದ್ದವರಿರಲಿಲ್ಲ.

ಈ ಸಲದ ಸರದಿ ನೇಯ್ಗೆಯ ದ್ಯಾಮವ್ವನ ಮಗಳು ಪಾರವ್ವನದು. ಅವಳು ನೇರ ನೋಡಿದರೆ ನಡುವೆ ಬರೀ ಕಪ್ಪು ಮಚ್ಚೆ. ಕತ್ತು ವಾಲಿಸಿದರೆ ಓರೆಯಲ್ಲಿ ಒಂದಿಷ್ಟು ಕಾಣುತ್ತಿತ್ತು. ನಾಲ್ಕು ಜನ ಏನಂದಾರು ಎಂದು ದ್ಯಾಮವ್ವ ಮಗಳ ಗದ್ದ ಹಿಡಿದು ನೆಟ್ಟಗೆ ಮಾಡುತ್ತಿದ್ದಳು. ದಿನಕ್ಕೆ ನೂರು ಸಲ. ಕೊನೆಗೆ ಕಣ್ಣಿನ ಮದ್ದು ಬಲ್ಲ ಸಂಗಜ್ಜಿ ಗದರಿದಳು.

“ಆಕಿ ಕಣ್ಣಿನ ದಾರಿ ಓರೆ ಐತಿ. ನೀ ಯಾಕ ನೆಟ್ಟಗ ಮಾಡ್ತಿ?”

ದ್ಯಾಮವ್ವ ನಾಚಿದಳು, ಆದರೆ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಅಜ್ಜಿ ಮಗುವಿಗೆ ಸ್ಫಟಿಕ ಉಜ್ಜಿ ಭೂತಗನ್ನಡಿ ಮಾಡಿಕೊಟ್ಟಳು, ಇರುವಷ್ಟು ನೋಟವನ್ನು ಬಳಸುವುದು ಕಲಿಸಿದಳು.

ಆ ದಿನ ಬಂದೇಬಿಟ್ಟಿತು. ಬಿಳಿ ದಾರಕ್ಕೆ ಬಿಳಿ ಮಣಿ ಪೋಣಿಸು ಎಂದ ಮಾಂತ್ರಿಕ. ಪಾರವ್ವ ಕರಿ ಕಂಬಳಿ ತರಿಸಿ, ಹಾಸಿಕೊಂಡು ಪೋಣಿಸಿದಳು. ಸಾಸಿವೆಯಷ್ಟು ಸಣ್ಣ ಅಕ್ಷರ ಓದು ಎಂದ. ಅವಳು ಬೆಳಕಿಗೆ ಬೆನ್ನು ಕೊಟ್ಟು ಕೂತು, ಭೂತಗನ್ನಡಿಯನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಜನ ನಕ್ಕರು. ಓದಿದ್ದು ಸರಿಯಾಗಿಯೇ ಇತ್ತು.

ಮಬ್ಬರಾಯ ಹಲ್ಲು ಕಡಿದು ಬೂದಿ ಎರಚಿದ. ಒಬ್ಬ ದ್ಯಾಮವ್ವ ಇದ್ದಲ್ಲಿ ಮೂವರು ದ್ಯಾಮವ್ವರು ನಿಂತರು. ಅದೇ ಸೀರೆ, ಅದೇ ಮುಖ. ಮುಟ್ಟದೆ ನಿನ್ನ ತಾಯಿಯನ್ನು ತೋರಿಸು ಎಂದ. ನಾನಿಲ್ಲಿದ್ದೇನೆ ಎಂದು ದ್ಯಾಮವ್ವ ಕೂಗಿದಳು. ಉಳಿದಿಬ್ಬರೂ ಅದೇ ದನಿಯಲ್ಲಿ ಅದನ್ನೇ ಕೂಗಿದರು.

ಜನ ನಕ್ಕದ್ದಕ್ಕೋ ಏನೋ, ಪಾರವ್ವ ನೆಟ್ಟಗೆ ನಿಂತಿದ್ದಳು. ಆಮೇಲೆ ಮೆಲ್ಲಗೆ ಕತ್ತು ವಾಲಿಸಿದಳು. ತಟ್ಟನೆ ಇಬ್ಬರು ದ್ಯಾಮವ್ವರ ಕೈ ಅವಳ ಗದ್ದದತ್ತ ಚಾಚಿತು. ಮಾಂತ್ರಿಕನಿಗೆ ಗೊತ್ತಿದ್ದದ್ದು ಮಗಳ ಗದ್ದ ನೆಟ್ಟಗೆ ಮಾಡುವ ಹಳೆಯ ದ್ಯಾಮವ್ವ. ಮೂರನೆಯವಳ ಕೈಯೂ ಎದ್ದಿತ್ತು. ಅವಳು ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

“ಕೈ ಹಿಡಕೊಂಡು ನಿಂತಾಳಲ್ಲ, ಆಕಿನ ನಮ್ಮವ್ವ” ಎಂದಳು ಪಾರವ್ವ.

ಮಬ್ಬರಾಯ ಮಂಜಾಗಿ ಕರಗಿಹೋದ. ಗುಹೆಯ ಗೊಂಬೆಗಳು ಮಕ್ಕಳಾಗಿ ಮನೆಗೆ ಓಡಿ ಬಂದವು. ಪಾರವ್ವನ ಕಣ್ಣು ಮೊದಲಿದ್ದಂತೆಯೇ ಇತ್ತು. ರಾಜ ಅರಮನೆಯಲ್ಲಿ ಒಳ್ಳೆಯ ಬೆಳಕಿದ್ದ ಪಡಸಾಲೆಯನ್ನು ಸಂಗಜ್ಜಿಗೆ ಬಿಟ್ಟುಕೊಟ್ಟ. ಅಲ್ಲಿ ಮಕ್ಕಳು ತಮಗೆ ಬೇಕಾದಂತೆ ಕತ್ತು ವಾಲಿಸಿ ಓದು ಕಲಿತರು. ಹೊಂಬಿಸಿಲೂರಿನಲ್ಲಿ ಎಲ್ಲರೂ ಸುಖವಾಗಿದ್ದರು. ದ್ಯಾಮವ್ವ ಮಾತ್ರ ಬಹಳ ದಿನ, ಮಗಳು ಓದುವಾಗ ಎರಡೂ ಕೈ ಕಟ್ಟಿಕೊಂಡೇ ಎದುರು ಕೂರುತ್ತಿದ್ದಳು.