ರಾಜಬಳ್ಳಿಯ ತಲೆ ಕಡಿದ ತಂಗೆವ್ವ

ಬಹಳ ಹಿಂದೆ ದ್ರಾಕ್ಷಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹಾಲಿಗಿಂತ ದ್ರಾಕ್ಷಿ ರಸ ಹೆಚ್ಚು, ರಸಕ್ಕಿಂತ ಚಾಡಿ ಹೆಚ್ಚು.

ಅರಮನೆ ತೋಟದಲ್ಲಿ ನೂರು ವರ್ಷದ ರಾಜಬಳ್ಳಿಯೊಂದಿತ್ತು. ಒಂದು ವರ್ಷ ಅದರ ಒಂದು ತೋಳು ಒಣಗಿತು, ಮರುವರ್ಷ ಇನ್ನೊಂದು. ತೋಟಗಾರ ಮಲಕಪ್ಪ ಅರಮನೆಯ ನರ್ತಕಿಗೆ ಗೊನೆ ಕೊಟ್ಟನಂತೆ, ಅದಕ್ಕೇ ಬಳ್ಳಿ ಮುನಿಸಿಕೊಂಡಿತಂತೆ ಎಂದಿತು ಊರು. ಗೊನೆ ಕೊಟ್ಟದ್ದು ನಿಜ. ಉಳಿದದ್ದನ್ನು ಬಾವಿಕಟ್ಟೆಯ ಹೆಂಗಸರು ಸೇರಿಸಿದರು. ರಾಜ ಮಲಕಪ್ಪನನ್ನು ಸೆರೆಗೆ ತಳ್ಳಿ, ಯುಗಾದಿಯೊಳಗೆ ಬಳ್ಳಿ ಚಿಗುರದಿದ್ದರೆ ಗಡಿಪಾರು ಎಂದ.

ಮಲಕಪ್ಪನ ಹೆಂಡತಿ ತಂಗೆವ್ವ ಬಳ್ಳಿಯ ಬುಡದಲ್ಲಿ ಕೂತಳು. ಕಾಂಡ ಕುಟ್ಟುತ್ತಿದ್ದ ಮರಕುಟಿಗ ಮಾತಾಡಿತು.

"ತಾಯಿ, ಒಳಗೆ ಕರಿಬೂಷ್ಟ ಎಂಬ ಮಾಂತ್ರಿಕ ಕೂತಿದ್ದಾನೆ. ಮಳೆಹನಿ ಏರಿ ಬರುತ್ತಾನೆ, ಹಸಿಗಾಯದಲ್ಲಿ ನುಗ್ಗುತ್ತಾನೆ. ಬಾಗಿಲು ತೆಗೆದದ್ದು ನಿಮ್ಮ ರಾಣಿ."

ಅದೂ ಸುಳ್ಳಲ್ಲ. ವರ್ಷಕ್ಕೊಮ್ಮೆ ಬಳ್ಳಿ ಸವರುವ ಮುಹೂರ್ತದಲ್ಲಿ, ಮಳೆ ಸುರಿಯುತ್ತಿದ್ದರೂ ಸರಿ, ರಾಣಿಯ ಚಿನ್ನದ ಕತ್ತಿಯೇ ಎಲ್ಲ ಬಳ್ಳಿಗಳ ಮೇಲೂ ಓಡಾಡಬೇಕು. ನಡುನಡುವೆ ಕತ್ತಿ ಒರೆಸಿದರೆ ರಾಣಿಯ ಕೈಗುಣ ಹೋಗುತ್ತದಂತೆ! ಒಂದು ಬಳ್ಳಿಯ ರೋಗ ಇನ್ನೊಂದಕ್ಕೆ ಸರಾಗವಾಗಿ ಹತ್ತುತ್ತಿತ್ತು.

ಕತ್ತಿ ಕಾಯಿಸಿ ಒಣ ಬಿಸಿಲಲ್ಲಿ ಕಡಿ, ಬಿಳಿ ಕಟ್ಟಿಗೆ ಕಾಣುವವರೆಗೆ ಕಡಿ, ಕಡಿದದ್ದನ್ನೆಲ್ಲ ಸುಡು ಎಂದು ಹೇಳಿ ಹಕ್ಕಿ ಹಾರಿತು.

ಮೊದಲು ಕರಿಬೂಷ್ಟ ಜೋಯಿಸನ ವೇಷದಲ್ಲಿ ಬಂದ. ತುಂತುರು ಶುಭ, ಈಗಲೇ ಕಡಿ ಎಂದ. ತಂಗೆವ್ವ ಮೂರು ದಿನ ಬಿಸಿಲಿಗೆ ಕಾದಳು.

ಆಮೇಲೆ ಕತ್ತಿಯನ್ನು ಕೆಂಡಕ್ಕೆ ಹಿಡಿದು ಒಣ ತೋಳು ಕಡಿದಳು. ಒಳಗೆ ಕಾಡಿಗೆಯಂಥ ಕಲೆ. ಮತ್ತೆ ಕಾಯಿಸಿ ಇನ್ನೂ ಕೆಳಗೆ ಕಡಿದಳು. ಅಲ್ಲೂ ಕಲೆ. ಮಂತ್ರಿಯ ವೇಷ ತೊಟ್ಟ ಕರಿಬೂಷ್ಟ, ಹಸಿರಿದ್ದಷ್ಟನ್ನಾದರೂ ಉಳಿಸು, ಗಂಡನ ತಲೆಗೆ ಕುತ್ತು ತರಬೇಡ ಎಂದ. ಆದರೂ ಮೊಣಕಾಲೆತ್ತರಕ್ಕೆ ಮೂರನೇ ಏಟು ಹಾಕಿದಳು. ಒಳಗೆ ಕೊಬ್ಬರಿಯಂತೆ ಬೆಳ್ಳಗೆ! ಗಾಯಕ್ಕೆ ಸುಣ್ಣ, ಮೈಲುತುತ್ತ ಕಲಸಿ ಬಳಿದಳು. ರಾಜಬಳ್ಳಿಯ ತಲೆಯೇ ಹೋಯಿತೆಂದು ಊರೆಲ್ಲ ಬಾಯಿಗೆ ಸೆರಗು ಹಿಡಿಯಿತು.

ಕೊನೆಗೆ ಅವಳ ಅತ್ತೆ ಬಂದಳು.

"ಮಗಳೇ, ಇಷ್ಟು ಒಳ್ಳೆ ಸೌದೆ. ಗೋಡೆಗೆ ಒಟ್ಟಿಡು, ಒಲೆಗಾಗುತ್ತೆ."

ತಂಗೆವ್ವ ಅವಳನ್ನೇ ನೋಡಿದಳು. "ನಮ್ಮತ್ತೆ ಹನ್ನೆರಡು ವರ್ಷದಲ್ಲಿ ಒಂದು ದಿನವೂ ನನ್ನನ್ನು ಮಗಳೇ ಅಂದಿಲ್ಲ."

ಸೌದೆಯನ್ನೆಲ್ಲ ಬೆಂಕಿಗೆ ಸುರಿದಳು. ಅತ್ತೆಯ ವೇಷ ಕಪ್ಪು ಹುಡಿಯಾಗಿ ಉದುರಿತು, ಹುಡಿಯೂ ಉರಿದು ಹೋಯಿತು.

ಹನ್ನೊಂದನೇ ದಿನ ಮೋಟುಬುಡದಿಂದ ಗಿಳಿಕೊಕ್ಕಿನಂಥ ಚಿಗುರು ಹೊರಟಿತು. ಯುಗಾದಿಗೆ ಚಪ್ಪರ ಮುಟ್ಟಿತು. ನಡೆದದ್ದೆಲ್ಲ ತಿಳಿದು ರಾಣಿ ನಾಚಿ, ಅಂದಿನಿಂದ ಪ್ರತಿ ಬಳ್ಳಿಗೂ ಕತ್ತಿಯನ್ನು ತಾನೇ ಕಾಯಿಸಿಕೊಟ್ಟಳು.

ಸೆರೆಮನೆಯ ಬಾಗಿಲು ತೆರೆಯಿತು. ಗಡ್ಡ ಬಿಟ್ಟ ಮಲಕಪ್ಪ ಅಳುತ್ತ ಕೈ ಚಾಚಿದ.

"ಮೊದಲು ಸ್ನಾನ ಮಾಡ್ಕೊಳ್ರಿ, ನಾರ್ತೀರಿ," ಎಂದಳು ತಂಗೆವ್ವ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಹೋಳಿಗೆ ಬಡಿಸಿದಳು. ಆ ರಾಜ್ಯದಲ್ಲಿ ಬಳ್ಳಿಗಳೂ ಜನರೂ ನೂರ್ಕಾಲ ತಣ್ಣಗಿದ್ದರು.