ಎರಡನೆಯ ನೆಗಡಿ

"ಬಿಡಿ ಅತ್ತಿಗೆ, ಜಡೆ ಬಿಡಿ!" ಎಂದು ನಾದಿನಿ ಚೀರಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವರೆಲ್ಲ ಎದ್ದು ನಿಂತರು. ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದ ಅತ್ತಿಗೆ ಹಿಡಿದ ಜಡೆ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಒಳಗೆ ಅವಳ ಪುಟ್ಟ ಮಗ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು, ಪಕ್ಕೆ ಒಳಸರಿಯುವಂತೆ ಉಸಿರೆಳೆಯುತ್ತಿದ್ದ!

"ಒಂದು ಸೋಂಕಿನಿಂದ ಚೇತರಿಸ್ಕೊಳ್ತಾ ಇದ್ದನಮ್ಮ. ಅಷ್ಟರಲ್ಲಿ ಇನ್ನೊಂದು ಸೇರ್ಕೊಂಡಿದೆ. ಎರಡೂ ಒಟ್ಟಿಗೆ ಬಂದ್ರೆ ಕೆಲವು ಮಕ್ಕಳಿಗೆ ತಡ್ಕೊಳ್ಳೋಕಾಗಲ್ಲ," ಎಂದಿದ್ದರು ಡಾಕ್ಟರು. ಆ ಇನ್ನೊಂದು ಎಲ್ಲಿಂದ ಬಂತೆಂದು ಬೇರೆ ಕೇಳಬೇಕೆ? ಬೇಕರಿ ಕೆಲಸಕ್ಕೆ ಹೋಗುವ ನಾದಿನಿ, ಜ್ವರದಲ್ಲಿದ್ದ ತನ್ನ ಮಗಳಿಗೆ ಔಷಧಿ ಕುಡಿಸಿ, ಹಣೆ ತಣ್ಣಗಾದ ಮೇಲೆ ತಂದು ಅತ್ತಿಗೆಯ ಬಳಿ ಬಿಟ್ಟು ಹೋಗಿದ್ದಳು. "ಏನೂ ಇಲ್ಲ, ಗಟ್ಟಿಮುಟ್ಟಾಗಿದಾಳೆ" ಎಂದು ಬಾಯ್ತುಂಬ ಸುಳ್ಳು ಹೇಳಿದ್ದಳು!

"ನನ್ನ ಹೊಟ್ಟೆ ಉರಿಸಿದೀಯ... ನಿನಗೂ ಒಂದು ದಿನ ಬರತ್ತೆ ಕಣೇ!" ಎಂದು ಅತ್ತಿಗೆ ಜಡೆ ಜಗ್ಗಿದಳು.

ಮಗ ಉಳಿದ. ಸಿಟ್ಟು ಮಾತ್ರ ವಾಸಿಯಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮಾತು ಸುಳ್ಳಾಗಬಾರದು ಎಂದು ಹೊಲಿಗೆ ಯಂತ್ರ ತುಳಿಯುವಾಗಲೆಲ್ಲ ಹಲ್ಲು ಮಸೆಯುತ್ತಿದ್ದಳು.

ಮರುವರ್ಷ ಆ ದಿನ ಬಂದೇ ಬಂತು. ನಾದಿನಿ ಈ ನಡುವೆ ಹುಟ್ಟಿದ ತನ್ನ ಎಳೆಗೂಸನ್ನು ಎತ್ತಿಕೊಂಡು ಬಾಗಿಲು ಬಡಿದಳು. ಕೂಸಿನ ಮೂಗು ಸೋರುತ್ತಿತ್ತು.

"ಸಂಜೆವರೆಗೂ ಇಟ್ಕೊಳ್ಳಿ ಅತ್ತಿಗೆ. ಇವತ್ತು ಹೋಗದಿದ್ರೆ ನನ್ನ ಕೆಲಸ ಹೋಗತ್ತೆ."

ಒಳಗೆ ಮಗ ಜ್ವರದಲ್ಲಿ ಕೆಮ್ಮುತ್ತಿದ್ದ.

"ಅವನಿಗೂ ನೆಗಡಿನಾ? ಸರಿಹೋಯ್ತು. ಇದಕ್ಕೆ ಹೇಗೂ ಬಂದಾಗಿದೆ, ಇನ್ನೇನು ಹೊಸದಾಗಿ ಬರತ್ತೆ?"

ಅಯ್ಯೋ ಮಂಕೇ! ಏನು ಬರುತ್ತದೆಂದು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ತುಟಿ ಬಿಗಿದು ಕೈ ಚಾಚಿದರೆ ಸಾಕಿತ್ತು. ಚಾಚಿದಳು ಕೂಡ! ಕೂಸಿನ ಎದೆಯ ಗೊರಗೊರ ಬಟ್ಟೆಯ ಮೇಲಿಂದಲೇ ಅಂಗೈಗೆ ತಾಗಿತು... ಚಟ್ಟನೆ ಕೈ ಹಿಂದೆಳೆದುಕೊಂಡಳು.

"ತಗೊಂಡು ಹೋಗು! ನನ್ನ ಹೊಸ್ತಿಲು ತುಳೀಬೇಡ. ಸೀದಾ ಡಾಕ್ಟರ ಹತ್ರ ಹೋಗು!"

"ಹಸುಗೂಸಿನ ಮೇಲೆ ಸೇಡಾ ಅತ್ತಿಗೆ?"

ಅಲ್ಲ ಎನ್ನಲು ಬಾಯಿ ತೆರೆದಳು. ಬಿಡಿಸಿ ಹೇಳಿದರೆ ಇವಳು ಕೇಳುವವಳೇ? ಪರವಾಗಿಲ್ಲ ಎಂದು ಕೂಸನ್ನು ಒಳಗೆ ಮಲಗಿಸಿ ಓಡುವವಳು!

"ಹೌದು ಕಣೇ, ಸೇಡೇ! ಹೋಗು!"

ಚಿಲಕ ಜಡಿದಳು. ನಾದಿನಿ ಬೀದಿಗೆಲ್ಲ ಕೇಳುವಂತೆ ಶಪಿಸುತ್ತ ಹೋದಳು. ಕೆಲಸ ಹೋಯಿತು. ನೆಂಟರಿಷ್ಟರ ಬಾಯಲ್ಲಿ ಅತ್ತಿಗೆ ರಾಕ್ಷಸಿಯಾದಳು. ಗಂಡನೂ ಮುಖ ತಿರುಗಿಸಿದ.

"ಅಷ್ಟು ಹಗೆ ಬೇಕಿತ್ತಾ ನಿಂಗೆ?"

ಅವಳು ಯಂತ್ರ ನಿಲ್ಲಿಸಿದಳು. "ಕೂಸು ಹಾಲು ಕುಡೀತಾ ಇದೆಯಾ?"

"ಹೂಂ, ಚೆನ್ನಾಗಿದೆ."

"ಸಾಕು... ಅದರಮ್ಮನ್ನ ಮಾತ್ರ ನಾನು ಸಾಯೋವರೆಗೂ ಕ್ಷಮಿಸಲ್ಲ ಕಣ್ರೀ!" ಎಂದವಳೇ, ಅರೆಹೊಲಿದ ಬಟ್ಟೆಯಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.